ಬೋಣಿಗೆಯ ಮತ

ಚುನಾವಣೆ ಡ್ಯೂಟಿಯ ಆರ್ಡರು ಬಂದ ದಿನ ಸಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಮ್ಮೆಲೇ ಬೇನೆ ಶುರುವಾಯಿತು. ಒಬ್ಬರಿಗೆ ಸೊಂಟ, ಒಬ್ಬರಿಗೆ ಸಕ್ಕರೆ, ಇನ್ನೊಬ್ಬರ ಅತ್ತೆಗೆ ಮೊಣಕಾಲು. ಉಜ್ವಲಾ ಮಾತ್ರ ಆರ್ಡರನ್ನು ಮಡಚಿ ಪರ್ಸಿಗೆ ಹಾಕಿಕೊಂಡು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಭಾಗಾಕಾರ ಹೇಳಿಕೊಡಲು ಹೋದಳು. ಎರಡು ದಿನ ಮನೆಯ ಒಲೆ ಬಿಟ್ಟು ಬೇರೆ ಊರಿನಲ್ಲಿ ಇದ್ದು ಬರುವುದು ಅವಳಿಗೆ ಶಿಕ್ಷೆ ಅನ್ನಿಸಿರಲಿಲ್ಲ. ಅಲ್ಲಿ ಯಾರೋ ಮಾಡಿದ ಪಿಠಲ, ಯಾರೋ ತಟ್ಟಿದ ರೊಟ್ಟಿ ಕುಳಿತಲ್ಲಿಗೆ ಬರುತ್ತವೆ. ಅಷ್ಟು ಸಾಕಿತ್ತು.

ಸಂಕಟವಾದದ್ದು ಮನೆಯಲ್ಲಿ. ನಾಗಣಸೂರಿನ ಗ್ರಾಮ ಪಂಚಾಯಿತಿಗೆ ಚುನಾವಣೆ, ಅವರ ವಾರ್ಡಿನ ಒಂದು ಸೀಟು ಹೆಂಗಸರಿಗೆ ಮೀಸಲು. ಉಜ್ವಲಾಳ ಭಾವ, ಅಂದರೆ ಗಂಡನ ಅಣ್ಣ ಸಾತಲಿಂಗಪ್ಪ, ತಾನು ನಿಲ್ಲಲಾಗದೆ ಹೆಂಡತಿ ಕಲ್ಯಾಣಮ್ಮನನ್ನು ನಿಲ್ಲಿಸಿದ್ದ. ಬ್ಯಾನರಿನಲ್ಲಿ ಕೈಮುಗಿದು ನಿಂತ ಸಾತಲಿಂಗಪ್ಪ ಆಳೆತ್ತರ. ಕೆಳಗಿನ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಕಲ್ಯಾಣಮ್ಮ, ಪಕ್ಕಕ್ಕೆ ಅವಳ ಗುರುತು, ಚಹಾದ ಕಪ್ಪು-ಬಸಿ. ಹೋದ ಸಲ ಇದೇ ವಾರ್ಡಿನಲ್ಲಿ ಸಾತಲಿಂಗಪ್ಪ ಮೂರೇ ಮತಗಳಲ್ಲಿ ಸೋತಿದ್ದ. ಆವತ್ತಿನಿಂದ ಅವನಿಗೆ ಮನುಷ್ಯರು ಮನುಷ್ಯರಾಗಿ ಕಾಣುತ್ತಿರಲಿಲ್ಲ, ಮತಗಳಾಗಿ ಕಾಣುತ್ತಿದ್ದರು. ಪುಣೆಯಲ್ಲಿದ್ದವರಿಗೆ ಗಾಡಿ ಖರ್ಚು ಕೊಟ್ಟು ಕರೆಸುವವನ ಮನೆಯಲ್ಲೇ ಒಂದು ಮತ ಡ್ಯೂಟಿಯ ಹೆಸರಲ್ಲಿ ವಾಗದರಿಯ ಬೂತಿಗೆ ಹೊರಟಿತ್ತು.

ಹಿಂದೆ ಎರಡು ಸಲ ಉಜ್ವಲಾ ಡ್ಯೂಟಿಗೆ ಹೋದಾಗ ಅವಳ ಮತ ಹಾಗೇ ಹೋಗಿತ್ತು, ಯಾರೂ ಕೇಳಿರಲಿಲ್ಲ. ಈ ಸಲ ಸಾತಲಿಂಗಪ್ಪ ಮೋಟರ್‌ಸೈಕಲ್ ಹತ್ತಿ ಅಕ್ಕಲಕೋಟದ ತಹಸೀಲಿಗೆ ಹೋಗಿ, ಸಂಜೆ ಅರ್ಜಿಯೊಂದನ್ನು ಹಿಡಿದು ತಿರುಗಿ ಬಂದ. ಮುಖ ಅರಳಿತ್ತು. ಡ್ಯೂಟಿಯವರು ಟಪಾಲಿ ಮತ, ಅಂದರೆ ಅಂಚೆ ಮತ, ಹಾಕಬಹುದಂತೆ. ಅದಕ್ಕಿಂತ ಹೆಚ್ಚಿನ ಸುದ್ದಿ, ಎಣಿಕೆಯ ದಿನ ಟಪಾಲಿ ಮತವನ್ನೇ ಮೊದಲು ಒಡೆಯುತ್ತಾರಂತೆ.

"ಅಂದ್ರ ಬೋಣಿಗಿ ಉಜ್ವಲಾನ ಕೈಲೆ," ಎಂದು ಅವನು ತಾಯಿ ಕಸ್ತೂರಬಾಯಿಗೆ ಹೇಳಿದ. "ಇನ್ನ ನಮಗ ಯಾರ ಅಂಜಿಕಿ?"

ಬೋಣಿಗೆಯ ಮಾತು ಆ ಮನೆಯಲ್ಲಿ ಹಗುರವಾದದ್ದಲ್ಲ. ಸೋಲಾಪುರದ ಚಾಟಿ ಗಲ್ಲಿಯಲ್ಲಿ ಉಜ್ವಲಾಳ ತವರಿನವರದು ಚಾದರು, ಟಾವೆಲಿನ ಅಂಗಡಿ. ಬೆಳಗಿನ ಮೊದಲ ಗಿರಾಕಿಯ ಹಣವನ್ನು ಅವಳ ತಂದೆ ಅಮೃತಪ್ಪ ಮಗಳ ಕೈಯಿಂದ ಇಸಿದುಕೊಂಡು, ಕಣ್ಣಿಗೊತ್ತಿ, ಆಮೇಲೆ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಅವಳ ಕೈಯಿಂದ ಬೋಣಿಗೆಯಾದ ದಿನ ಸಂಜೆಯವರೆಗೆ ಅಂಗಡಿಯಲ್ಲಿ ಕೂಡಲು ಪುರುಸೊತ್ತಿಲ್ಲ ಎಂದು ಇಡೀ ಗಲ್ಲಿ ಹೇಳುತ್ತಿತ್ತು. ಹೆಣ್ಣು ನೋಡಲು ಹೋದ ದಿನ ಸಾತಲಿಂಗಪ್ಪ ಆ ಮಾತು ಕೇಳಿಸಿಕೊಂಡೇ ತಮ್ಮ ಗುರುಶಾಂತನಿಗೆ ಈ ಸಂಬಂಧ ಗಟ್ಟಿ ಮಾಡಿದ್ದ. ಮದುವೆಯಾದ ಮೇಲೆ ತೊಗರಿಯ ಮೊದಲ ಬೀಜ ಅವಳ ಕೈಯಿಂದ, ಹೊಸ ಟ್ರ್ಯಾಕ್ಟರಿನ ಕೀಲಿ ಅವಳ ಕೈಯಿಂದ. ಕೈಗೆ ಇಷ್ಟು ಬೆಲೆ ಇದ್ದ ಮನೆಯಲ್ಲಿ ಆ ಕೈ ಯಾರದೆಂದು ಕೇಳಿದವರು ಕಡಿಮೆ.

ಉಜ್ವಲಾ ಸಹಿ ಮಾಡಿಕೊಟ್ಟಳು. ಮನಸ್ಸಿನಲ್ಲಿ ಬೇರೆಯೇ ಇತ್ತು.

ಅವಳು ಮದುವೆಯಾಗಿ ಬಂದಂದಿನಿಂದ ಮತದಾನದ ದಿನ ಮನೆಯ ಹೆಂಗಸರೆಲ್ಲ ಒಂದೇ ಟೆಂಪೋದಲ್ಲಿ ಹೋಗುತ್ತಿದ್ದರು. ಯಾವ ಗುರುತಿಗೆ ಒತ್ತಬೇಕೆಂಬುದನ್ನು ಸಾತಲಿಂಗಪ್ಪ ಹಿಂದಿನ ದಿನವೇ ಊಟದ ಹೊತ್ತಿನಲ್ಲಿ ಹೇಳಿಬಿಡುತ್ತಿದ್ದ. ಉಜ್ವಲಾ ಹೂಂ ಅನ್ನುತ್ತಿದ್ದಳು. ಆದರೆ ಆ ರಟ್ಟಿನ ಮರೆಯ ಹಿಂದೆ ನಿಂತಾಗ, ಹಿಂದೆ ಯಾರ ಕಣ್ಣೂ ಇಲ್ಲದ ಆ ಅರ್ಧ ನಿಮಿಷದಲ್ಲಿ, ತನಗೆ ಸರಿಕಂಡದ್ದನ್ನೇ ಒತ್ತುತ್ತಿದ್ದಳು. ಕೆಲವು ಸಲ ಅದು ಭಾವ ಹೇಳಿದ್ದೇ ಆಗಿರುತ್ತಿತ್ತು, ಕೆಲವು ಸಲ ಅಲ್ಲ. ಒತ್ತಿ ಹೊರಬಂದರೆ ಮುಗಿಯಿತು. ಅವಳ ಮತ ನೂರಾರು ಮತಗಳಲ್ಲಿ ಸಾರಿನ ಉಪ್ಪಿನ ಹಾಗೆ ಕರಗಿಹೋಗುತ್ತಿತ್ತು. ಅತ್ತೆಯ ಕೋಣೆ, ಅಡಿಗೆಮನೆ, ಸಾಲೆ, ಎಲ್ಲಿಯೂ ಅವಳೊಬ್ಬಳಿಗೆಂದು ಒಂದು ಮೂಲೆ ಇರಲಿಲ್ಲ. ಆ ರಟ್ಟಿನ ಮೂಲೆ ಇತ್ತು. ಟೆಂಪೋದಲ್ಲಿ ತಿರುಗಿ ಬರುವಾಗ ಅವಳು ಸುಮ್ಮಸುಮ್ಮನೆ ನಗುತ್ತಿದ್ದುದನ್ನು ಕಂಡು ಗುರುಶಾಂತ ಒಮ್ಮೆ ಕೇಳಿದ್ದ. ಬಿಸಿಲಿಗೆ ಹಾಗೆ ಕಾಣುತ್ತದೆ ಎಂದಿದ್ದಳು.

ಈ ಸಲ ಅವಳ ಮನಸ್ಸು ಸಾರಿಕಾಳ ಕಡೆ ಇತ್ತು. ಸಾರಿಕಾ ಅದೇ ಸೀಟಿಗೆ ನಿಂತ ಎದುರು ಪ್ಯಾನಲಿನವಳು, ಛತ್ರಿ ಗುರುತಿನವಳು, ಮೂರು ವರ್ಷದ ಹಿಂದೆ ಊರಿಗೆ ಸೊಸೆಯಾಗಿ ಬಂದವಳು. ಗ್ರಾಮಸಭೆಯಲ್ಲಿ ಎದ್ದು ನಿಂತು, ಹೊಲಕ್ಕೆ ಹೋಗುವ ಹೆಂಗಸರೆಲ್ಲ ಮನೆ ಬಿಟ್ಟ ಮೇಲೆ ಹನ್ನೊಂದು ಗಂಟೆಗೆ ನಳದ ನೀರು ಬಿಡುವುದು ಯಾರಿಗಾಗಿ ಎಂದು ಕೇಳಿದ್ದಳು. ಪಂಚಾಯಿತಿಯ ಕಾರಭಾರ ನೋಡುವ ಗ್ರಾಮಸೇವಕರು ಪೆನ್ನು ಹುಡುಕುತ್ತ ಕೂತುಬಿಟ್ಟರು. ಕಲ್ಯಾಣಮ್ಮನ ಬಗ್ಗೆ ಉಜ್ವಲಾಗೆ ದ್ವೇಷವಿರಲಿಲ್ಲ. ನೆಗೆಣ್ಣಿಯರಿಬ್ಬರೂ ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕಳೆದವರು. ಆದರೆ ಕಲ್ಯಾಣಮ್ಮನಿಗೆ ಹಾಕಿದ ಮತ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬ್ಯಾನರೇ ಹೇಳುತ್ತಿತ್ತಲ್ಲ.

ಎರಡನೆಯ ತರಬೇತಿಯ ದಿನ ಅಕ್ಕಲಕೋಟದಲ್ಲಿ ಅವಳು ಮತ ಹಾಕಿದಳು. ಹಾಲಿನ ಮೂಲೆಯಲ್ಲಿ ಮರೆ ಕಟ್ಟಿದ್ದರು. ಸರಪಂಚನ ಚೀಟಿಯಲ್ಲಿ ಮನೆಯವರು ಹೇಳಿದವನಿಗೇ ಗುರುತು ಮಾಡಿದಳು. ಹೆಂಗಸರ ಸೀಟಿನ ಚೀಟಿಯಲ್ಲಿ ಛತ್ರಿಯ ಮುಂದೆ ಪೆನ್ನು ಊರಿದಳು. ಚೀಟಿಗಳು ಸಣ್ಣ ಕವರಿನೊಳಗೆ, ಆ ಕವರು ಮತ್ತು ಸಹಿ ಮಾಡಿದ ಪ್ರತಿಜ್ಞಾಪತ್ರ ಬೇರೆ ಬೇರೆಯಾಗಿ ದೊಡ್ಡ ಕವರಿನೊಳಗೆ. ಅಂಟಿಸಿ, ಪೆಟ್ಟಿಗೆಗೆ ಹಾಕಿ, ಹಗುರಾಗಿ ತಿರುಗಿದಳು.

ಮೇಜಿನ ಹಿಂದಿದ್ದ ಕ್ಲರ್ಕು ಯಾದಿಯಲ್ಲಿ ಟಿಕ್ ಮಾಡುತ್ತ ನಕ್ಕ. ಆರ್ಡರು ನೂರಾರು ಮಂದಿಗೆ ಹೋಗಿವೆ, ಮತ ಹಾಕಲು ಬಂದವರು ಬೆರಳೆಣಿಕೆ; ಟೀಚರುಗಳೇ ಹೀಗೆ ಮಾಡಿದರೆ ಹೇಗೆ ಎಂದು ಗೊಣಗಿದ. "ನಿಮ್ಮ ವಾರ್ಡಿಂದು ಇದೊಂದ ನೋಡ್ರಿ ಟೀಚರ್ ಬಾಯಾರ. ಎಣಿಸವ್ರಿಗಿ ಕಷ್ಟನ ಇಲ್ಲ."

ಅವಳೂ ನಕ್ಕಳು. ನಾಗಣಸೂರಿನ ಎಸ್‌ಟಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ಟಿಕೇಟಿಗೆ ಚಿಲ್ಲರೆ ತೆಗೆಯುವಾಗ ಆ ಮಾತು ಅವಳ ತಲೆಗೆ ಇಳಿಯಿತು. ಇದೊಂದೇ. ಮೇಜಿನ ಸುತ್ತ ಎರಡೂ ಪ್ಯಾನಲಿನ ಏಜಂಟರು ಕುತ್ತಿಗೆ ಚಾಚಿ ಕೂತಿರುತ್ತಾರೆ. ಮೊದಲ ಕವರು ಒಡೆಯುತ್ತಾರೆ. ಒಂದು ಚೀಟಿ. ಛತ್ರಿ. ಆ ವಾರ್ಡಿನಿಂದ ಡ್ಯೂಟಿಗೆ ಹೋದ ಸೊಸೆ ಯಾರೆಂದು ಸಣ್ಣ ಕೂಸಿಗೂ ಗೊತ್ತು. ಇಷ್ಟು ವರ್ಷ ಕರಗಿಹೋಗುತ್ತಿದ್ದ ಉಪ್ಪು ಈ ಸಲ ಬರೀ ತಾಟಿನಲ್ಲಿ ಹರಳಾಗಿ ಕೂತಿತ್ತು. ಕಂಡಕ್ಟರು ಎರಡು ಸಲ ಕೇಳಿದ ಮೇಲೆ ಅವಳು ಚಿಲ್ಲರೆ ಕೊಟ್ಟಳು.

ಆಗ ನೆನಪಾದವರು ಗುರುಸಿದ್ಧ ಮಾಸ್ತರರು. ಅದೇ ವಾರ್ಡಿನವರು, ನಿವೃತ್ತಿಗೆ ಹತ್ತಿರವಾದವರು, ವಾಗದರಿಯ ಬೂತಿನಲ್ಲಿ ಅವಳ ಜೊತೆಗೇ ಡ್ಯೂಟಿ. ಅವರೂ ಟಪಾಲಿ ಮತ ಹಾಕಿಬಿಟ್ಟರೆ ಕವರು ಎರಡಾಗುತ್ತವೆ. ಛತ್ರಿಗೊಂದು ಬಂದರೂ ಯಾರದೆಂದು ಯಾರು ಹೇಳಬೇಕು?

ಅಲ್ಲಿಂದ ಉಜ್ವಲಾ ಮತದಾನ ಜಾಗೃತಿಯ ಕೆಲಸಕ್ಕೆ ಬಿದ್ದಳು. ಗಣರಾಜ್ಯೋತ್ಸವದ ದಿನವೂ ಮಕ್ಕಳಿಗೆ ಅಷ್ಟು ಹೇಳಿರಲಿಲ್ಲ. ಫೋನಿನಲ್ಲಿ ಹೇಳಿದಳು, ವಾಗದರಿಗೆ ಹೋಗುವ ಗಾಡಿಯಲ್ಲಿ ಹೇಳಿದಳು, ಸಾಲೆಯ ವರಾಂಡದಲ್ಲಿ ಮತಯಂತ್ರಕ್ಕೆ ಸೀಲು ಹಾಕುತ್ತ ಹೇಳಿದಳು. ಒಂದೊಂದು ಮತಕ್ಕೂ ಬೆಲೆ ಇದೆ, ನಾವೇ ಹಾಕದಿದ್ದರೆ ಮಂದಿಗೆ ಯಾವ ಬಾಯಿಂದ ಹೇಳುವುದು. ಮಾಸ್ತರರು ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡರು. "ಬಾಯಾರ, ಇಷ್ಟು ವರ್ಷ ಡ್ಯೂಟಿ ಮಾಡೀನಿ, ಒಮ್ಮಿನೂ ಮತ ಹಾಕಿಲ್ಲ. ಸರಕಾರ ಏನರ ನಿಂತೈತೇನ್ರಿ?" ಟಪಾಲಿ ಮತದ ಕವರು ಮಾತ್ರ ಮನೆಗೆ ಬಂದಿತ್ತು, ಬ್ಯಾಗಿನಲ್ಲೇ ಇತ್ತು. ಎಣಿಕೆ ಶುರುವಾಗುವವರೆಗೂ ತಹಸೀಲಿಗೆ ಮುಟ್ಟಿಸಬಹುದೆಂದು ಅವಳು ನಿಯಮ ತೋರಿಸಿದಳು. ತನ್ನ ಪಾಲಿನ ಶೇಂಗಾ ಹೋಳಿಗೆಯನ್ನೂ ಅವರ ತಾಟಿಗೆ ಹಾಕಿದಳು. ಹೋಳಿಗೆಯೋ ನಿಯಮವೋ, ಮಾಸ್ತರರು ಕರಗಿದರು. ಮತದಾನ ಮುಗಿದು, ಯಂತ್ರಗಳನ್ನು ಒಪ್ಪಿಸಲು ಅಕ್ಕಲಕೋಟಕ್ಕೆ ಬಂದ ಸಂಜೆ ಅವರು ಕವರನ್ನು ಪೆಟ್ಟಿಗೆಗೆ ಹಾಕಿದ್ದನ್ನು ಉಜ್ವಲಾ ಕಣ್ಣಾರೆ ನೋಡಿದಳು. ಅವರಿಗೆ ಕೈಮುಗಿಯುವುದೊಂದು ಬಾಕಿ.

ಊರಿಗೆ ಬರುವ ಗಾಡಿಯಲ್ಲಿ ಮಾಸ್ತರರು ಉತ್ಸಾಹದಲ್ಲಿದ್ದರು. ಸರಕಾರದ ದುಂದುಗಾರಿಕೆಯ ಬಗ್ಗೆ ಮಾತಾಡಿದರು. "ಇಷ್ಟ ಕಾಗದಕ್ಕ ಎರಡೆರಡು ಕವರ್ ಯಾಕ್ರಿ? ನಾ ಎಲ್ಲಾ ಸಣ್ಣ ಕವರಿನ್ಯಾಗ ತುರುಕಿ ಅಂಟಿಸೀನಿ. ಪ್ರತಿಜ್ಞಾಪತ್ರನೂ ಅದರಾಗ ಐತಿ."

ಪ್ರತಿಜ್ಞಾಪತ್ರ ಸಣ್ಣ ಕವರಿನ ಹೊರಗೆ ಸಿಗದಿದ್ದರೆ ಒಳಗಿನ ಕವರನ್ನು ಒಡೆಯುವುದೇ ಇಲ್ಲ. ಬದಿಗಿಡುತ್ತಾರೆ. ತರಬೇತಿಯಲ್ಲಿ ಎರಡು ಸಲ ಹೇಳಿದ್ದರು. ಎರಡೂ ಸಲ ಮಾಸ್ತರರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಉಜ್ವಲಾ ಕತ್ತಲಾಗುತ್ತಿದ್ದ ಕಬ್ಬಿನ ಗದ್ದೆಗಳನ್ನು ನೋಡುತ್ತ ಕೂತಳು. ತಾಟಿನಲ್ಲಿ ಮತ್ತೆ ಒಂದೇ ಹರಳು.

ಮತದಾನಕ್ಕೂ ಎಣಿಕೆಗೂ ನಡುವೆ ಒಂದು ದಿನವಿತ್ತು. ಏಜಂಟರ ಬುತ್ತಿಗೆಂದು ಕಲ್ಯಾಣಮ್ಮ ಹಿತ್ತಲಿನ ಒಲೆಯ ಮೇಲೆ ಶೇಂಗಾ ಹುರಿಯುತ್ತಿದ್ದಳು. ಮಧ್ಯಾಹ್ನದ ಹೊತ್ತು, ಅತ್ತೆ ಮಲಗಿದ್ದರು. ಉಜ್ವಲಾ ಎದುರಿಗೆ ಕೂತು ಹುರಿದ ಕಾಳಿನ ಸಿಪ್ಪೆ ತಿಕ್ಕತೊಡಗಿದಳು. ನಾಳೆ ಹತ್ತಾರು ಗಂಡಸರ ಬಾಯಿಂದ ಕೇಳುವುದಕ್ಕಿಂತ ಇವತ್ತು ತನ್ನ ಬಾಯಿಂದ ಕೇಳಲಿ ಎಂದು ನಿರ್ಧರಿಸಿದ್ದಳು. ಹೇಗೆ ಶುರುಮಾಡಬೇಕೆಂದು ಮಾತ್ರ ನಿರ್ಧರಿಸಿರಲಿಲ್ಲ.

"ಅಕ್ಕಾ, ನಾ ನಿಮಗ ಮತ ಹಾಕಿಲ್ಲ."

ಕಲ್ಯಾಣಮ್ಮ ಸೌಟು ನಿಲ್ಲಿಸಲಿಲ್ಲ. "ಮತ್ಯಾರಿಗಿ ಹಾಕಿದಿ?"

"ಸಾರಿಕಾಗ."

"ಯಾಕ?"

ಉಜ್ವಲಾ ಬೊಗಸೆಯ ಸಿಪ್ಪೆಯನ್ನು ಊದಿದಳು. "ನೀವು ಆರಿಸಿ ಬಂದ್ರೂ ಅಲ್ಲಿ ಹೋಗಿ ಕುಂಡ್ರವ್ರು ಭಾವಾರ ಅಲ್ಲೇನ್ರಿ? ಅದಕ್ಕ."

ಈಗ ಸೌಟು ನಿಂತಿತು. ಕಲ್ಯಾಣಮ್ಮ ಸಿಟ್ಟಾಗುತ್ತಾಳೆ, ಅಳುತ್ತಾಳೆ, ಗಂಡನನ್ನು ಕೂಗುತ್ತಾಳೆ ಎಂದೆಲ್ಲ ಉಜ್ವಲಾ ಲೆಕ್ಕ ಹಾಕಿದ್ದಳು. ಕಲ್ಯಾಣಮ್ಮ ಬಾಣಲೆಯನ್ನು ಒಲೆಯಿಂದ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅದನ್ನ ನನ್ನ ಕೇಳಿದ್ದೇನ ನೀ?"

ಉಜ್ವಲಾ ಕೇಳಿರಲಿಲ್ಲ.

"ಪ್ರಚಾರದಾಗ ಮನಿಮನಿ ಅಡ್ಡಾಡೀನಿ," ಎಂದಳು ಕಲ್ಯಾಣಮ್ಮ. "ನಿಮ್ಮ ಭಾವ ಹೊರಗ ಕಟ್ಟಿ ಮ್ಯಾಲ ಚಾ ಕುಡಕೋತ ಕುಂಡ್ರತಿದ್ದ. ನಾ ಒಳಗ ಹೋಗತಿದ್ದೆ. ಒಳಗಿನ ಮಾತು ಅವಗೇನ ಗೊತ್ತು? ನಳ ಬಿಡೂ ಭೀಮಣ್ಣನ ಹಿಡದು ಕೇಳೀನಿ, ಮುಂಜಾನಿ ಆರಕ್ಕ ಯಾಕ ಬಿಡಂಗಿಲ್ಲಂತ. ಮೊದಲ ಆರಿಸಿ ಬರ್ರಿ ವೈನಿ, ಆಮ್ಯಾಲ ನೋಡೋಣಂತ ನಕ್ಕ ಅವ. ಅವನ ನಗಿ ನೋಡಿ ನನಗ ಆರಿಸಿ ಬರಬೇಕು ಅನಸೇತಿ. ಅಲ್ಲೀ ತನಕ ಅನಸಿದ್ದಿಲ್ಲ, ಅದೂ ಖರೇನ."

ಅವಳು ಮತ್ತೆ ಬಾಣಲೆಯನ್ನು ಒಲೆಗೇರಿಸಿದಳು. ಉಜ್ವಲಾ ಕೈಯಲ್ಲಿದ್ದ ಕಾಳನ್ನು ಸುಮ್ಮನೆ ತಿಕ್ಕುತ್ತಲೇ ಇದ್ದಳು, ಸಿಪ್ಪೆ ಬಿಟ್ಟು ಎಷ್ಟೋ ಹೊತ್ತಾಗಿತ್ತು. ತನ್ನೊಳಗೆ ಯಾರಿಗೂ ಕಾಣದ ಒಂದು ಮೂಲೆ ಇದೆ ಎಂದು ಇಷ್ಟು ವರ್ಷ ಬೀಗುತ್ತಿದ್ದವಳಿಗೆ, ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುವವಳಲ್ಲೂ ಅಂಥದೊಂದು ಇರಬಹುದೆಂದು ಹೊಳೆದಿರಲಿಲ್ಲ. ಬ್ಯಾನರನ್ನು ನೋಡಿ ತೀರ್ಮಾನಿಸಿಬಿಟ್ಟಿದ್ದಳು. ಊರ ಗಂಡಸರು ನೋಡಿದ ಹಾಗೆಯೇ.

"ನಾಳೆ ಗೊತ್ತಾಗತೈತ್ರಿ ಎಲ್ಲಾರಿಗೂ," ಎಂದಳು. "ಟಪಾಲಿ ಮತ ನಂದೊಂದ ಐತಿ."

"ಗೊತ್ತಾಗಲಿ," ಎಂದಳು ಕಲ್ಯಾಣಮ್ಮ. ಆ ಸಂಜೆ ರೊಟ್ಟಿ ಬಡಿಯುವಾಗ ಇಬ್ಬರ ನಡುವೆ ಹಿಟ್ಟಿನ ಡಬ್ಬಿಯನ್ನು ಎಂದಿಗಿಂತ ತುಸು ಸದ್ದು ಮಾಡಿ ಇಟ್ಟಳು, ಅಷ್ಟೇ.

ಎಣಿಕೆಯ ದಿನ ಗಂಡಸರೆಲ್ಲ ಅಕ್ಕಲಕೋಟಕ್ಕೆ ಹೋದರು. ಮನೆಯಲ್ಲಿ ಕಸ್ತೂರಬಾಯಿ ದೇವರ ಮುಂದೆ, ಸೊಸೆಯಂದಿರು ಫೋನಿನ ಮುಂದೆ. ಪಕ್ಕದ ಮನೆಯ ನಾಲ್ಕು ಹೆಂಗಸರು ಅಕ್ಕಿ ಆರಿಸುವ ನೆಪದಲ್ಲಿ ಬಂದು ಕೂತಿದ್ದರು. ಫೋನು ಬಂತು, ಕಲ್ಯಾಣಮ್ಮ ಎತ್ತಿದಳು. ಗುರುಶಾಂತನದು; ಆದರೆ ಮಾತಾಡಿದವನು ಅವನ ಕೈಯಿಂದ ಕಸಿದುಕೊಂಡ ಸಾತಲಿಂಗಪ್ಪ. ಒಂದು ಟಪಾಲಿ ಕವರು ರದ್ದಾಗಿದೆ, ಇನ್ನೊಂದರಲ್ಲಿ ಹೆಂಗಸರ ಸೀಟಿಗೆ ಛತ್ರಿ ಬಂದಿದೆ. ಎದುರು ಪ್ಯಾನಲಿನವರು ಅಲ್ಲೇ ಸಿಳ್ಳೆ ಹೊಡೆಯುತ್ತಿದ್ದಾರೆ. ರದ್ದಾದದ್ದು ಯಾರದು, ಉಳಿದದ್ದು ಯಾರದು ಎಂದು ಮೇಜಿನವರು ಯಾದಿ ನೋಡಿ ಹೇಳಿಬಿಟ್ಟಿದ್ದಾರೆ. ಅವನ ದನಿ ಇಡೀ ಪಡಸಾಲೆಗೆ ಕೇಳುತ್ತಿತ್ತು. "ಬೋಣಿಗಿ ಹಾಳಾತು. ಆಕಿನ್ನ ಫೋನಿಗಿ ಕರಿ."

ಅಕ್ಕಿಯ ಮೊರಗಳು ನಿಂತವು. ಉಜ್ವಲಾ ಕೈಚಾಚಿದಳು. ಕಲ್ಯಾಣಮ್ಮ ಫೋನು ಕೊಡಲಿಲ್ಲ.

"ನಾನ ಹೇಳಿದ್ದೆ ಆಕಿಗಿ," ಎಂದಳು, ಬೇಳೆ ಕುದಿಯಿತೇ ಎಂದು ಕೇಳುವಷ್ಟೇ ಸಹಜವಾಗಿ. "ನೀವು ಊರ ತುಂಬ ಬೋಣಿಗಿ ನಮ್ಮದು, ಬೋಣಿಗಿ ನಮ್ಮದು ಅಂತ ಹೇಳಕೋತ ತಿರುಗಿದ್ರಿ. ಎಷ್ಟು ಮಂದಿ ಕಣ್ಣು ಬಿದ್ದಿರಬೇಕು. ಮೊದಲಿಂದು ಅವರಿಗಿ ಹೋಗಲಿ, ದೃಷ್ಟಿ ಹೋಗತೈತಿ ಅಂತ ನಾನ ಹಾಕಿಸೀನಿ. ಈಗ ಸುಮ್ಮ ಕುಂತು ಮಷೀನ ನೋಡ್ರಿ."

ಬೋಣಿಗೆಯನ್ನು ನಂಬಿದವನು ದೃಷ್ಟಿಯನ್ನು ನಂಬುವುದಿಲ್ಲ ಎನ್ನುವುದು ಹೇಗೆ? ಹೇಳಿ ಮಾಡಬೇಕಿತ್ತಲ್ಲ ಎಂದು ಆ ಕಡೆಯಿಂದ ಸಣ್ಣಗೆ ಕೇಳಿಸಿತು. ಹೇಳಿದರೆ ದೃಷ್ಟಿ ಹೋಗುವುದಿಲ್ಲ ಎಂದು ಕಲ್ಯಾಣಮ್ಮ ಫೋನಿಟ್ಟಳು. ನಾಲ್ಕು ಹೆಂಗಸರೂ ಹೌದೆಂದು ತಲೆಯಾಡಿಸಿ ಅಕ್ಕಿಗೆ ಬಾಗಿದರು. ಉಜ್ವಲಾ ನೆಗೆಣ್ಣಿಯನ್ನು ನೋಡಿದಳು. ಇವಳು ಪಂಚಾಯಿತಿಯಲ್ಲಿ ಕೂತರೆ ಗ್ರಾಮಸೇವಕರಿಗೆ ಪೆನ್ನು ಹುಡುಕಲು ಪುರುಸೊತ್ತು ಸಿಗಲಿಕ್ಕಿಲ್ಲ ಅನ್ನಿಸಿತು.

ಯಂತ್ರದ ಎಣಿಕೆ ಮುಗಿದಾಗ ಕಲ್ಯಾಣಮ್ಮ ಗೆದ್ದಿದ್ದಳು, ಒಂದೇ ಒಂದು ಮತದಿಂದ. ಸುದ್ದಿ ಕೇಳಿ ಕಸ್ತೂರಬಾಯಿ ದೇವರ ಮುಂದಿನಿಂದ ಎದ್ದರು. ಉಜ್ವಲಾ ಕುಳಿತೇಬಿಟ್ಟಳು. ಗುರುಸಿದ್ಧ ಮಾಸ್ತರರು ಯಾರಿಗೆ ಹಾಕಿದ್ದರೋ ಯಾರೂ ಕಾಣರು. ಅದು ಛತ್ರಿಗಿದ್ದು, ಅವರು ಎರಡನೆಯ ಕವರಿಗೆ ಜಿಪುಣತನ ಮಾಡದೆ ಇದ್ದಿದ್ದರೆ ಸಮಸಮವಾಗಿ ಚಿಟ್ಠಿ ಎತ್ತಬೇಕಾಗುತ್ತಿತ್ತು. ಮತ ಹಾಕಿರೆಂದು ಅವರಿಗೆ ದುಂಬಾಲು ಬಿದ್ದವಳು ತಾನು. ತಾನು ಬಚ್ಚಿಟ್ಟುಕೊಳ್ಳುವುದಕ್ಕಾಗಿ.

ಸಂಜೆ ಅಂಗಳವೆಲ್ಲ ಗುಲಾಲು. ಪಡಸಾಲೆಯಲ್ಲಿ ಮಂದಿ ತುಂಬಿದ್ದರು, ಸಾತಲಿಂಗಪ್ಪ ನಡುವೆ ಕೂತು ಕತೆ ಹೇಳುತ್ತಿದ್ದ. ಮಧ್ಯಾಹ್ನ ಕಲ್ಯಾಣಮ್ಮನದಾಗಿದ್ದ ಉಪಾಯ ಅಷ್ಟರಲ್ಲೇ 'ನಮ್ಮ' ಉಪಾಯವಾಗಿತ್ತು. ಟಪಾಲಿ ಮತ ಅವರ ಕಡೆಗೆ ಹಾಕಿಸಿ ದೃಷ್ಟಿ ತೆಗೆದೆವು, ನಾವು ಹೇಳಿದೆವು, ನಮ್ಮ ಉಜ್ವಲಾ ಹಾಕಿದಳು. ಬಂದವರು ತೊಡೆ ತಟ್ಟಿ ಮೆಚ್ಚಿದರು. ವಾಗದರಿಯ ಕಡೆಯವನೊಬ್ಬ, ಮುಂದಿನ ಸಲ ತಾವೂ ಹಾಗೇ ಮಾಡುವುದಾಗಿ ಹೇಳಿದ.

ಚಹಾದ ಟ್ರೇ ಹಿಡಿದು ನಿಂತಿದ್ದ ಉಜ್ವಲಾಗೆ ಮೊದಲು ನಗು ಬಂತು. ಆಮೇಲೆ ಏನೋ ಚುಚ್ಚಿತು. ತಪ್ಪೋ ಸರಿಯೋ, ಅದು ಅವಳ ಮತ. ಆ ಮರೆಯೊಳಗೆ ಬೇರೆ ಯಾರೂ ಇರಲಿಲ್ಲ. ಅವಳು ಟ್ರೇಯನ್ನು ಸ್ಟೂಲಿನ ಮೇಲಿಟ್ಟಳು.

"ಭಾವಾರ, ನನಗ ಯಾರೂ ಹೇಳಿದ್ದಿಲ್ರಿ. ನಾನ ಹಾಕೀನಿ, ಸಾರಿಕಾ ಆರಿಸಿ ಬರಲಿ ಅಂತ."

ಪಡಸಾಲೆ ಗೊಳ್ಳೆಂದು ನಕ್ಕಿತು. ಸಾತಲಿಂಗಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಬಾಯಾರದು ಭಾರಿ ಚೇಷ್ಟೆ, ಮುಖ ನೋಡಿದರೆ ಖರೇ ಅನ್ನಿಸಬೇಕು ಎಂದು ಯಾರೋ ಹೇಳಿದರು. ಗುರುಶಾಂತ ಮಾತ್ರ ನಗಲಿಲ್ಲ. ಹೆಂಡತಿಯ ಮುಖವನ್ನು ನೋಡಿದ, ಎದ್ದು ಬಂದು ಟ್ರೇಯನ್ನು ತಾನೇ ಎತ್ತಿಕೊಂಡು ಚಹಾ ಹಂಚಿದ.

ಹಿತ್ತಲಿನಲ್ಲಿ ಕಲ್ಯಾಣಮ್ಮ ಮೊಣಕೈವರೆಗೆ ಸೋಪು ಹಚ್ಚಿ ಗುಲಾಲು ತಿಕ್ಕುತ್ತಿದ್ದಳು. ಎಲ್ಲ ಕೇಳಿಸಿತ್ತು.

"ನಂಬಲಿಲ್ಲಲ್ಲ ಯಾರೂ," ಎಂದಳು.

"ಇಲ್ರಿ."

"ನಾ ನಂಬೀನಿ. ಸಿಟ್ಟೂ ಐತಿ ಇನ್ನಾ." ನೀರು ಹಾಕೆಂದು ಕೈ ಮುಂದೆ ಮಾಡಿದಳು. "ಮುಂದಿನ ಸಲ ನಿಂತರ ನನಗ ಹಾಕತಿಯೇನು?"

ಉಜ್ವಲಾ ತಂಬಿಗೆಯಿಂದ ನೀರು ಸುರಿದಳು. "ಐದು ವರ್ಷ ನೋಡಿ ಹೇಳ್ತೀನ್ರಿ ಅಕ್ಕಾ."

ಕಲ್ಯಾಣಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪಡಸಾಲೆಯಿಂದ ಸಾತಲಿಂಗಪ್ಪನ ದನಿ ಕೇಳಿತು. ಪಂಚಾಯಿತಿಯಿಂದ ಗ್ರಾಮಸೇವಕರ ಫೋನು, ಹೊಸ ಸದಸ್ಯರ ಜೊತೆ ಮಾತಾಡಬೇಕಂತೆ. ಹಾಂ ಸಾಹೇಬರ, ಹೇಳ್ರಿ, ನಾನೇ ಇದ್ದೀನಿ ಎನ್ನುತ್ತಿದ್ದ ಅವನು.

"ಫೋನ ಇಲ್ಲಿ ಕಳಸ್ರಿ," ಎಂದು ಕಲ್ಯಾಣಮ್ಮ ಒಳಗೆ ಕೇಳುವ ಹಾಗೆ ಹೇಳಿದಳು.

ಗುರುಶಾಂತ ಫೋನು ಹಿಡಿದು ಹಿತ್ತಲಿಗೆ ಬಂದ. ಕಲ್ಯಾಣಮ್ಮನ ಎರಡೂ ಕೈ ಒದ್ದೆ. ಉಜ್ವಲಾ ತಂಬಿಗೆ ಕೆಳಗಿಟ್ಟು, ಫೋನನ್ನು ಇಸಿದುಕೊಂಡು, ನೆಗೆಣ್ಣಿಯ ಕಿವಿಗೆ ಹಿಡಿದು ನಿಂತಳು. ಆ ಕಡೆಯವರು ಏನು ಕೇಳಿದರೋ ಅವಳಿಗೆ ತಿಳಿಯಲಿಲ್ಲ.

"ಹಾಂ," ಎಂದಳು ಕಲ್ಯಾಣಮ್ಮ. "ನಾ ಮಾತಾಡಾಕತ್ತೀನಿ."